ಡಬ್ಬಕ್ಕೆ ಕುಂಕುಮ, ಫೋನಿಗೆ ಕುತ್ತು

ಮೈಸೂರಿನ ಸರಸ್ವತಿಪುರಂ, ಕುವೆಂಪುನಗರದ ಹಳೇ ಮನೆಗಳಲ್ಲಿ ಲ್ಯಾಂಡ್‌ಲೈನ್ ಫೋನು ಈಗಲೂ ಹಾಲಿನ ಅದೇ ಮೂಲೆಯಲ್ಲಿ ಕೂತಿದೆ. 0821 ನಂಬರೂ ಅದೇ. ತಾಮ್ರದ ತಂತಿ ಹೋಗಿ ಫೈಬರ್ ಬಂತು, ಗೋಡೆಗೊಂದು ಬಿಳಿ ಡಬ್ಬ ಬಂತು, ಅಷ್ಟೇ. ಒಳಗಿರುವುದು ಮಾತನ್ನು ಇಂಟರ್‌ನೆಟ್ ದಾರಿಯಲ್ಲಿ ಕಳಿಸುವ ಪುಟ್ಟ ಕಂಪ್ಯೂಟರು ಅಂತ ಯಜಮಾನರಿಗೆ ಹೇಳಿರುತ್ತಾರೆ. ಆದರೂ ಫೋನನ್ನು ಹಳೇ ಫೋನೆಂದೇ ನಡೆಸಿಕೊಳ್ಳುತ್ತಾರೆ. ಎಡವಟ್ಟೆಲ್ಲ ಅಲ್ಲಿಂದಲೇ.

ಮೊದಲನೆಯದು ಕರೆಂಟು. ತಾಮ್ರದ ಲೈನಿಗೆ ಎಕ್ಸ್‌ಚೇಂಜಿನ ಬ್ಯಾಟರಿಯಿಂದ 48 ವೋಲ್ಟ್ ಬರುತ್ತಿತ್ತು. ಊರೆಲ್ಲ ಕತ್ತಲಾದರೂ ಫೋನು ಟ್ರಿಣ್ ಅನ್ನುತ್ತಿತ್ತು. ಫೈಬರಿನಲ್ಲಿ ಬರುವುದು ಬೆಳಕು ಮಾತ್ರ. ಮನೆಯ ಕರೆಂಟು ಹೋದರೆ ಡಬ್ಬ ಆರಿತು, ಫೋನು ಮೂಕವಾಯಿತು. ಈಗಿನ ಮಂಡ್ಯ ಜಿಲ್ಲೆಯ ಶಿವನಸಮುದ್ರದಿಂದ 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಗಿತ್ತು. ಇವತ್ತು ಅದೇ ಜಿಲ್ಲೆಯಲ್ಲಿ ಕರೆಂಟಿಲ್ಲವೆಂದು ದೂರು ಕೊಡಲು ಫೋನೆತ್ತಿದರೆ, ಫೋನಿಗೂ ಇಲ್ಲ.

ಮದ್ದು ರೂಟರಿಗೆಂದೇ ಸಿಗುವ ಪುಟಾಣಿ ಯುಪಿಎಸ್. ತರುವ ಮುಂಚೆ ಡಬ್ಬದ ತಳದ ಚೀಟಿ ಓದಬೇಕು. ವೋಲ್ಟ್ ಅಲ್ಲಿರುವಷ್ಟೇ ಇರಬೇಕು. ಆಂಪಿಯರ್ ಜಾಸ್ತಿಯಿದ್ದರೆ ಚಿಂತೆಯಿಲ್ಲ, ಕಡಿಮೆಯಾದರೆ ಡಬ್ಬ ಗಳಿಗೆಗೊಮ್ಮೆ ಆಫ್ ಆಗಿ ಆನ್ ಆಗುತ್ತದೆ. ಪಿನ್ನಿನ ನಡುಭಾಗ ಪ್ಲಸ್ಸೋ ಮೈನಸ್ಸೋ ಅದನ್ನೂ ನೋಡಿ. "ಪಿನ್ ಕೂತ್ಕತದಲ್ಲ ಸಾ, ಆಯ್ತದೆ ಬುಡಿ" ಎಂಬ ಭರವಸೆಯ ಮೇಲೆ 5 ವೋಲ್ಟಿನ ಡಬ್ಬಕ್ಕೆ 12 ವೋಲ್ಟ್ ಕೊಟ್ಟರೆ ಮೊದಲು ಗೊತ್ತಾಗುವುದು ಮೂಗಿಗೆ. ಫೈಬರ್ ಡಬ್ಬ, ವೈಫೈ ರೂಟರ್, ಕಾರ್ಡ್‌ಲೆಸ್ ಫೋನಿನ ಬೇಸು ಬೇರೆ ಬೇರೆಯಿದ್ದರೆ ಮೂರಕ್ಕೂ ಬ್ಯಾಟರಿ ಬೇಕು. ಒಂದಕ್ಕೆ ಕೊಟ್ಟು ಉಳಿದೆರಡನ್ನು ಬಿಟ್ಟರೆ ಮೂರಕ್ಕೂ ಬಿಟ್ಟಂತೆಯೇ. ಇಷ್ಟಾದ ಮೇಲೂ ತುರ್ತು ಸಹಾಯದ 112ಕ್ಕೆಂದು ಒಂದು ಮೊಬೈಲು ಚಾರ್ಜಿನಲ್ಲಿರಲಿ. ಇಂಟರ್‌ನೆಟ್ ಫೋನಿನಿಂದ 112 ಒತ್ತಿದರೆ ಮೊದಲು ವಿಳಾಸ ಹೇಳಿ, ಅಳು ಆಮೇಲೆ. ಆ ಕರೆ ಎಲ್ಲಿಂದ ಬಂತೆಂಬುದು ಅವರಿಗೆ ತಾನಾಗಿ ಗೊತ್ತಾಗುತ್ತದೆಂದು ನಂಬುವಂತಿಲ್ಲ.

ಇನ್ನು ಆಯುಧಪೂಜೆ. ಸ್ಕೂಟರು, ಮಿಕ್ಸಿ, ಈಳಿಗೆಮಣೆ ಎಲ್ಲ ಮುಗಿದ ಮೇಲೆ ಡಬ್ಬದ ಸರದಿ. ಪೂಜೆ ಬೇಡ ಅನ್ನುವವರು ಯಾರು? ಆದರೆ ಕಲಸಿದ ಅರಿಶಿನ ಕುಂಕುಮವನ್ನು ಗಾಳಿಯ ಸೀಳುಗಳ ಮೇಲೇ ಎಳೆದರೆ ಅದು ಒಳಗಿನ ಬೋರ್ಡಿಗೆ ಅಭಿಷೇಕ. ಪ್ಲಗ್ ಕಿತ್ತು, ಒಣ ಕುಂಕುಮವನ್ನು ಸೀಳಿಲ್ಲದ ಕಡೆ ಒಂದೇ ಒಂದು ಬೊಟ್ಟಿಡಿ. ಅಕ್ಷತೆ ಎರಚಬೇಡಿ, ಸೀಳಿನೊಳಗೆ ಹೋದ ಕಾಳು ಮುಂದಿನ ದಸರಾಕ್ಕೂ ಅಲ್ಲೇ ಇರುತ್ತದೆ. ಊದುಬತ್ತಿ ಸಿಕ್ಕಿಸಲು ಲ್ಯಾನ್ ಕೇಬಲಿನ ತೂತು ಹೇಳಿ ಮಾಡಿಸಿದ ಹಾಗೆ ಕಾಣಬಹುದು. ಅಲ್ಲ. ಸೇವಂತಿಗೆ ಹಾರವನ್ನು ಆರತಿ ಆದ ಕೂಡಲೇ ತೆಗೆಯಿರಿ, ಅಮ್ಮ ಹೆಣೆದ ಕ್ರೋಶಾ ಹೊದಿಕೆಯನ್ನೂ. ಹಗಲೂ ರಾತ್ರಿ ಉರಿಯುವ ಸಾಮಾನಿದು. ಸುತ್ತ ನಾಲ್ಕು ಬೆರಳಷ್ಟಾದರೂ ಜಾಗ ಬಿಡಿ.

ಫೈಬರ್ ಎಳೆಯನ್ನು ಮೊಳೆ ಹೊಡೆದು ಮೂಲೆಗೆ ಮಡಚಬಾರದು. ಸುತ್ತಿಟ್ಟರೆ ಬಳೆಯಗಲಕ್ಕಿಂತ ಸಣ್ಣ ಸುತ್ತಾಗಬಾರದು. ಮುರಿದರೆ ಡಬ್ಬದಲ್ಲಿ ಕೆಂಪು ದೀಪ ಹತ್ತುತ್ತದೆ. ಆಗ ಪ್ರತಿ ಮನೆಯಲ್ಲೂ ಒಬ್ಬ ಮಾವ "ಬೆಳಕು ಬರ್ತಿದ್ಯಾ ನೋಡ್ತೀನಿ" ಅಂತ ತುದಿಗೆ ಕಣ್ಣಿಡುತ್ತಾರೆ. ಎಕ್ಸ್‌ಚೇಂಜಿನಿಂದ ಬರುವ ಲೇಸರ್ 1490 ನ್ಯಾನೊಮೀಟರಿನದು, ಕಣ್ಣಿಗೆ ಕಾಣುವುದೇ ಇಲ್ಲ. ಮಾವನಿಗೆ ಏನೂ ಗೊತ್ತಾಗುವುದಿಲ್ಲ, ಅವರ ಕಣ್ಣಿಗೆ ಮಾತ್ರ ಅಪಾಯ.

ರೂಮುರೂಮಿಗೆ ಫೋನು ಬೇಕೆಂದು ಡಬ್ಬದ ಫೋನ್ ಪೋರ್ಟನ್ನು ಗೋಡೆಯ ಹಳೇ ಸಾಕೆಟ್ಟಿಗೆ ಸೇರಿಸುವವರಿದ್ದಾರೆ. ಕೆಲಸವೇನೋ ಆಗುತ್ತದೆ. ಅದಕ್ಕೂ ಮುಂಚೆ, ಹೊರಗಿನಿಂದ ಬರುವ ಹಳೇ ತಾಮ್ರದ ತಂತಿಜೋಡಿ ಇನ್ನೂ ಉಳಿದಿದ್ದರೆ ಅದನ್ನು ಮನೆಗೆ ಸೇರುವ ಬಾಕ್ಸಿನಲ್ಲಿ ಬಿಚ್ಚಿರಬೇಕು. ಆ ಕಡೆಯಿಂದ ಎಕ್ಸ್‌ಚೇಂಜಿನ ವೋಲ್ಟು, ಈ ಕಡೆಯಿಂದ ಡಬ್ಬದ ವೋಲ್ಟು ಎದುರುಬದುರಾದರೆ ಸೋಲುವುದು ಡಬ್ಬ. ಗಂಟೆ ಇರುವ ಹಳೇ ಫೋನುಗಳನ್ನು ನಾಲ್ಕೈದು ಸೇರಿಸಿದರೆ ಯಾವುದೂ ಸರಿಯಾಗಿ ಬಾರಿಸದೆ ಹೋಗಬಹುದು. ತಾತನ ಕಾಲದ ಡಯಲ್ ತಿರುಗಿಸುವ ಫೋನಿನ ಭಾಷೆ ಎಷ್ಟೋ ಡಬ್ಬಗಳಿಗೆ ಅರ್ಥವೇ ಆಗದು, ಒತ್ತುವ ಗುಂಡಿಯದ್ದೇ ಬೇಕು.

ಏಪ್ರಿಲ್, ಮೇ ತಿಂಗಳ ಗುಡುಗಿಗೆ ಫೈಬರಿನಿಂದ ಭಯವಿಲ್ಲ, ಪ್ಲಗ್ಗಿನಿಂದ ಉಂಟು. ಮೋಡ ಕವಿಯುವಾಗಲೇ ಕಿತ್ತಿಡಿ. ನೆತ್ತಿಯ ಮೇಲೆ ಸಿಡಿಯುವಾಗ ಹೋಗಿ ಕೀಳುವ ಸಾಹಸ ಬೇಡ.

ಮಾತು ತುಂಡಾದರೆ ಎಲ್ಲರೂ ಬೈಯುವುದು ಕಂಪನಿಯನ್ನು. ಒಂದು ಕರೆಗೆ ಬೇಕಾಗುವುದು ಆ ಕಡೆ ಈ ಕಡೆ ಸೆಕೆಂಡಿಗೆ ಸುಮಾರು 90 ಕಿಲೋಬಿಟ್ ಅಷ್ಟೇ. ಆದರೆ ಒಳಗಿನ ರೂಮಿನಲ್ಲಿ ಮಗ ಮದುವೆ ವಿಡಿಯೋ ಅಪ್‌ಲೋಡಿಗೆ ಹಾಕಿದ್ದರೆ ಅದೂ ಉಳಿಯುವುದಿಲ್ಲ. ರೂಟರಿನಲ್ಲಿ ಧ್ವನಿಗೆ ಮೊದಲ ಆದ್ಯತೆ ಕೊಡುವ ಸೆಟ್ಟಿಂಗ್ ಇದ್ದರೆ ಹಾಕಿ. ಒಬ್ಬರದ್ದು ಮಾತ್ರ ಕೇಳಿಸುತ್ತಿದ್ದರೆ ರೂಟರಿನಲ್ಲಿ ಇಂಟರ್‌ನೆಟ್ ಕರೆಗಳ ವಿಳಾಸ ತಿದ್ದುವ ಎಸ್‌ಐಪಿ ಎಎಲ್‌ಜಿ ಎಂಬ ಸೆಟ್ಟಿಂಗನ್ನು ಆಫ್ ಮಾಡಿ ನೋಡಿ.

ಅಂಗಡಿ, ಛತ್ರದವರು ತಾವೇ ತಂದು ಹಾಕಿಕೊಂಡ ಐಪಿ ಫೋನಿನಲ್ಲಿ, ಅಂದರೆ ಇಂಟರ್‌ನೆಟ್‌ಗೆ ನೇರ ಸೇರುವ ಫೋನಿನಲ್ಲಿ, ಪಾಸ್‌ವರ್ಡ್ 'ಅಡ್ಮಿನ್' ಎಂದೇ ಉಳಿದಿರುತ್ತದೆ. ಇಂಟರ್‌ನೆಟ್ ಕರೆಗಳ ಬಾಗಿಲಾದ 5060 ಪೋರ್ಟನ್ನು ಹೊರಜಗತ್ತಿಗೆ ತೆರೆದಿಟ್ಟರೆ ಮುಗಿಯಿತು: ನಡುರಾತ್ರಿ ಯಾರೋ ನಿಮ್ಮ ಖರ್ಚಿನಲ್ಲಿ ಕಂಡರಿಯದ ದೇಶಕ್ಕೆ ಮಾತಾಡುತ್ತಾರೆ, ಬಿಲ್ಲು ಛತ್ರದ ಬಾಡಿಗೆಯನ್ನೂ ಮೀರುತ್ತದೆ. ಪಾಸ್‌ವರ್ಡ್ ಬದಲಿಸಿ, ಆ ಪೋರ್ಟ್ ಮುಚ್ಚಿ, ಬೇಡವಾದರೆ ಐಎಸ್‌ಡಿ ಬಂದ್ ಮಾಡಿಸಿ. ಡಬ್ಬವಾಗಲಿ ಫೋನಾಗಲಿ ಅಪ್‌ಡೇಟ್ ಆಗುತ್ತಾ ದೀಪ ಮಿಣುಕುತ್ತಿರುವಾಗ ಮಾತ್ರ "ಸುಮ್ನೆ ಉರೀತಾ ಇದೆ" ಅಂತ ಸ್ವಿಚ್ ಆರಿಸಬೇಡಿ. ಆಮೇಲೆ ಅದನ್ನು ಎಬ್ಬಿಸಲು ಸರ್ವಿಸ್ ಸೆಂಟರಿನವರೇ ಬೇಕಾಗಬಹುದು.