ಪರ-ವಿರೋಧ: ಹೈಟಿಯ ಬಡತನಕ್ಕೆ ಫ್ರಾನ್ಸ್ ಹೊಣೆಯೇ?

ಪರ: ಸುಲಿಗೆ ಮಾಡಿದವರೇ ಹೊಣೆ

ಹೈಟಿ ಅಂದರೆ ಭೂಕಂಪ, ಹಸಿವು, ಬಂದೂಕು ಹಿಡಿದ ಗ್ಯಾಂಗುಗಳು. ಸುದ್ದಿಯಲ್ಲಿ ಬರುವುದು ಇಷ್ಟೇ ಅಲ್ವಾ? ಆ ದೇಶದ ಹೆಗಲ ಮೇಲಿದ್ದ ಸಾಲದ ಬಗ್ಗೆ ಯಾರೂ ಹೇಳುವುದಿಲ್ಲ.

ಕೆರಿಬಿಯನ್ ಸಮುದ್ರದ ಈ ನಾಡು ಆಗ ಫ್ರಾನ್ಸಿನ ವಸಾಹತು. ಅಲ್ಲಿನ ಕಬ್ಬು, ಕಾಫಿ ತೋಟಗಳ ಗುಲಾಮರು 1791ರಲ್ಲಿ ತಿರುಗಿಬಿದ್ದರು. ನೆಪೋಲಿಯನ್ ಕಳಿಸಿದ ಸೈನ್ಯವನ್ನೂ ಸೋಲಿಸಿ 1804ರ ಜನವರಿ 1ರಂದು ಸ್ವತಂತ್ರರಾದರು. 1825ರಲ್ಲಿ ಫ್ರಾನ್ಸಿನ ದೊರೆ ಹತ್ತನೇ ಚಾರ್ಲ್ಸ್ 14 ಯುದ್ಧನೌಕೆ ಕಳಿಸಿದ. 15 ಕೋಟಿ ಫ್ರಾಂಕ್ ಕೊಟ್ಟರೆ ನಿಮ್ಮದೂ ಒಂದು ದೇಶ ಅಂತ ಒಪ್ಪುತ್ತೇನೆ ಅಂದ. ಯಾರಿಗೆ ಪರಿಹಾರ? ತೋಟ ಕಳೆದುಕೊಂಡ ಮಾಲೀಕರಿಗೆ! ಗುಲಾಮರು ತಮ್ಮ ಮೈಗೆ ತಾವೇ ಕ್ರಯ ಕೊಡಬೇಕಾಯಿತು.

ಮೊದಲ ಕಂತು 3 ಕೋಟಿ. ಖಜಾನೆಯಲ್ಲಿ ಎಲ್ಲಿತ್ತು? ಪ್ಯಾರಿಸ್ಸಿನ ಬ್ಯಾಂಕಿನವರಲ್ಲೇ ಸಾಲ ಎತ್ತಿದರು. ಅವರು 60 ಲಕ್ಷ ಮುರಿದುಕೊಂಡು 2.4 ಕೋಟಿ ಕೊಟ್ಟರು. ತೀರಿಸಬೇಕಾದ್ದು ಮಾತ್ರ ಪೂರ್ತಿ 3 ಕೋಟಿ.

ನಮ್ಮಪ್ಪನಿಗೂ ಹೀಗೇ ಆಗಿತ್ತು. ಅಕ್ಕನ ಮದುವೆಗೆ ಬಡ್ಡಿ ವ್ಯವಹಾರದವನ ಹತ್ತಿರ 10 ಸಾವಿರ ತಂದರು. ಬಡ್ಡಿ, ಪತ್ರದ ಖರ್ಚು ಅಂತ ಮುರಿದು ಅವನು ಕೈಗಿತ್ತದ್ದು 8 ಸಾವಿರ. ಅದನ್ನು ತೀರಿಸಲು ಇನ್ನೊಬ್ಬನ ಹತ್ತಿರ ಸಾಲ. ಮೊದಲು ಎಮ್ಮೆ ಹೋಯಿತು. ಆಮೇಲೆ ಅಮ್ಮನ ಓಲೆ. ಕೊನೆಗೆ ನನ್ನ ಪಿಯುಸಿ ಫೀಸಿಗೂ ದುಡ್ಡಿರಲಿಲ್ಲ. ಊರವರು ಅಂದದ್ದೇನು ಗೊತ್ತಾ? ‘ಅವನಿಗೆ ಬಾಳುವೆ ಮಾಡೋಕೆ ಬರಲ್ಲ.’ ಸುಲಿದವನ ಬಗ್ಗೆ ಒಬ್ಬರೂ ತುಟಿ ಬಿಚ್ಚಲಿಲ್ಲ. ಅವನು ದೇವಸ್ಥಾನಕ್ಕೆ ಗಂಟೆ ಬೇರೆ ಕೊಡಿಸಿದ್ದ.

ಹೈಟಿಗೂ ಇದೇ ಮಾತು ಅಂಟಿಸಿದ್ದಾರೆ. 1838ರಲ್ಲಿ ಮೊತ್ತವನ್ನು 9 ಕೋಟಿಗೆ ಇಳಿಸಿದರು, ನಿಜ. ಆದರೆ ಅದನ್ನು ಕಟ್ಟಲು ಮಾಡಿದ ಸಾಲ, ಸಾಲ ತೀರಿಸಲು ಮತ್ತೆ ಸಾಲ. ಅದರ ಬಾಲ 1947ರವರೆಗೂ ಎಳೆಯಿತು.

ವಿರೋಧ: ಆಳಿದವರೂ ಲೆಕ್ಕ ಕೊಡಲಿ

ಈ ಕಡೆ ಬರೆಯಲು ಬೇರೆ ಯಾರೂ ಸಿಗಲಿಲ್ಲವಂತೆ. ಆಯ್ತು, ಬರೆಯುತ್ತೇನೆ.

ಸಾಲದ ಕತೆ ಹಳೆಯದು, ಬಿಡಿ. ಎಲ್ಲಕ್ಕೂ ಹತ್ತನೇ ಚಾರ್ಲ್ಸನೇ ಕಾರಣ ಅಂದರೆ, ಹೈಟಿಯ ರಾಜಧಾನಿ ಪೋರ್ಟ್-ಒ-ಪ್ರಿನ್ಸ್‌ನ ರಸ್ತೆಗುಂಡಿಗಳನ್ನೂ ಅವನೇ ತೋಡಿದ ಅನ್ನಬೇಕಾಗುತ್ತದೆ. ಸ್ವಂತ ನಾಯಕರು ಏನೂ ಮಾಡಲಿಲ್ವಾ? ಗುಲಾಮಗಿರಿ ಕಿತ್ತೊಗೆದ ನಾಡಿನಲ್ಲೇ 1826ರಲ್ಲಿ ಅಧ್ಯಕ್ಷ ಬೋಯೆ ಕಾನೂನು ತಂದು ರೈತರನ್ನು ತೋಟಗಳಿಗೆ ಕಟ್ಟಿಹಾಕಿದ. ಫ್ರಾನ್ಸಿನ ಕಂತು ಕಟ್ಟಲೆಂದೇ ಅದನ್ನು ತಂದ ಅನ್ನುತ್ತಾರೆ. ಇರಲಿ.

1957ರಲ್ಲಿ ಫ್ರಾಂಸ್ವಾ ಡುವಾಲಿಯೆ ಅಧ್ಯಕ್ಷನಾಗಿ ಬಂದ. ‘ಟೊಂಟೊನ್ ಮಕೂಟ್’ ಎಂಬ ಪಡೆ ಕಟ್ಟಿ ಎದುರಾಡಿದವರನ್ನು ಕೊಲ್ಲಿಸಿದ. 1971ರಲ್ಲಿ ಅವನು ಸತ್ತಾಗ ಕುರ್ಚಿ 19 ವರ್ಷದ ಮಗನಿಗೆ ಹೋಯಿತು. ದೇಶ ಉಪವಾಸ ಬಿದ್ದಿದ್ದಾಗ ಆ ಮಗ 1980ರಲ್ಲಿ ನೀರಿನ ಹಾಗೆ ದುಡ್ಡು ಚೆಲ್ಲಿ ಮದುವೆಯಾದ. 1986ರಲ್ಲಿ ಜನ ಅವನನ್ನು ಓಡಿಸಿದರು. ಓಡಿದ್ದು ಫ್ರಾನ್ಸಿಗೇ. ಅದು ನನ್ನ ವಾದಕ್ಕೆ ಅಡ್ಡ ಬರುತ್ತದೆ, ಜಾಸ್ತಿ ಬೆಳೆಸುವುದಿಲ್ಲ.

ಕೊರಿಯಾವನ್ನು ಜಪಾನ್ 35 ವರ್ಷ ಆಳಿತು. ಆಮೇಲೆ ಭೀಕರ ಯುದ್ಧ. ಆದರೂ ದಕ್ಷಿಣ ಕೊರಿಯಾ ಎದ್ದು ನಿಲ್ಲಲಿಲ್ವಾ? ಅಮೆರಿಕದ ದುಡ್ಡು ಸಿಕ್ಕಿತ್ತು ಅಂತೀರಾ? 2010ರ ಭೂಕಂಪದ ನಂತರ ಹೈಟಿಗೂ ನೆರವು ಬಂದಿತ್ತು.