ಮೂರು ಕಪ್ ಅಕ್ಕಿ

ಹೆಂಡತಿ ಎರಡು ತಿಂಗಳಿಗೆಂದು ದಾವಣಗೆರೆಯ ತವರಿಗೆ ಹೋದಳು. ಟೆಕ್ಸಾಸ್‌ನ ಮನೆಯಲ್ಲಿ ಉಳಿದವರು ನಾನು, ರೈಸ್ ಕುಕ್ಕರ್ ಮತ್ತು ಕಿಟಕಿ ಪಕ್ಕದ ತುಳಸಿ. "ತುಳಸಿಗೆ ದಿನಾ ನೀರು ಹಾಕ್ರಿ. ಅನ್ನಕ್ಕೆ ಗೆರೆ ತನಕ ನೀರು ಹಾಕಿ ಗುಂಡಿ ಒತ್ರಿ, ಮುಗೀತು" ಅಂತ ಹೇಳಿಯೇ ವಿಮಾನ ಹತ್ತಿದ್ದಳು.

ಹದಿನೈದು ದಿನ ಹೊರಗಿನ ಊಟದಲ್ಲೇ ಕಳೆದೆ. ಮೊನ್ನೆ ಶನಿವಾರ ಹುರುಪು ಬಂದು ನಾಲ್ಕು ಜನ ಗೆಳೆಯರನ್ನು ಊಟಕ್ಕೆ ಕರೆದೆ. ಹುಳಿ ಮಾಡಿದೆ. ಚೆನ್ನಾಗೇ ಬಂದಿತ್ತು, ಮುಂದಿನದನ್ನು ಓದುವ ಮುಂಚೆ ಇದೊಂದು ನೆನಪಿರಲಿ. ಅನ್ನಕ್ಕಿಡೋಣ ಅಂದರೆ ಕುಕ್ಕರ್ ಜೊತೆ ಬಂದಿದ್ದ ಪ್ಲಾಸ್ಟಿಕ್ ಕಪ್ಪು ನಾಪತ್ತೆ. ಡಬ್ಬಿ, ಡ್ರಾಯರ್, ಸಿಂಕ್ ಎಲ್ಲಾ ತಡಕಾಡಿದೆ. ಯಾವ ಕಪ್ಪಾದರೇನು ಅಂತ ಇಲ್ಲಿನ ಸ್ಟೀಲ್ ಅಳತೆ ಕಪ್ಪಿನಲ್ಲಿ ಮೂರು ಸಲ ಸೋನಾ ಮಸೂರಿ ತುಂಬಿ ಹಾಕಿದೆ. ಪಾತ್ರೆಯೊಳಗಿನ 3ರ ಗೆರೆ ತನಕ ನೀರು ಹೊಯ್ದು ಗುಂಡಿ ಒತ್ತಿದೆ.

ಮುಚ್ಚಳ ತೆಗೆದರೆ ಅಗುಳು ಅಗುಳೂ ಬಿಡಿಬಿಡಿ. ನೋಡೋಕೆ ಮದುವೆ ಮನೆ ಅನ್ನ, ಬಾಯಿಗಿಟ್ಟರೆ ಕಟುಂ. ಒಬ್ಬ ಗೆಳೆಯ ತಟ್ಟೆಯಿಂದ ನಾಲ್ಕು ಅಗುಳು ತೆಗೆದು ನನ್ನ ತಲೆ ಮೇಲೆ ಹಾಕಿ, "ಸ್ವಲ್ಪ ಅರಿಶಿನ ತಾರೋ, ಅಕ್ಷತೆ ಪೂರ್ತಿ ಆಗ್ಲಿ" ಅಂದ. ಹುಳಿಗೆ ಬ್ರೆಡ್ ಅದ್ದಿಕೊಂಡು ತಿಂದೆವು.

ರಾತ್ರಿ ಲೆಕ್ಕ ಹಾಕಿದೆ. ಅಮೆರಿಕದ ಕಪ್ಪು ಸುಮಾರು 237 ಮಿಲಿಲೀಟರ್. ಕುಕ್ಕರ್ ಕಪ್ಪು ಜಪಾನಿನ ಅಕ್ಕಿ ಅಳತೆಯದು, 180. ಅಂದರೆ ನನ್ನ ಮೂರು ಕಪ್ಪು ಅಕ್ಕಿ ಕುಕ್ಕರ್ ಪಾಲಿಗೆ ಹೆಚ್ಚುಕಡಿಮೆ ನಾಲ್ಕು. ಗೆರೆಯೊಳಗಿನ ಜಾಗವನ್ನೂ ಹೆಚ್ಚಿನ ಅಕ್ಕಿಯೇ ಹಿಡಿದಿದ್ದರಿಂದ ನೀರು ಮಾತ್ರ ಮೂರಕ್ಕೂ ಸಾಲದಷ್ಟು!

ಈ ದೇಶದ ಅಳತೆಗಳೇ ಹೀಗೆ. ಔನ್ಸ್ ಅಂದರೆ ತೂಕವೂ ಹೌದು, ದ್ರವದ ಅಳತೆಯೂ ಹೌದು. ಗ್ಯಾಲನ್ ಇಲ್ಲಿ 3.785 ಲೀಟರ್, ಬ್ರಿಟನ್ನಿನಲ್ಲಿ 4.546. ಇವರದು ಹಳೇ ಇಂಗ್ಲೆಂಡಿನ ವೈನ್ ಗ್ಯಾಲನ್. 1824ರಲ್ಲಿ ಬ್ರಿಟಿಷರು ಅದನ್ನು ಬಿಟ್ಟು ಹೊಸದು ಮಾಡಿಕೊಂಡರು. ಅಷ್ಟೊತ್ತಿಗೆ ಇವರು ಬೇರೆ ಮನೆ ಮಾಡಿಯಾಗಿತ್ತು, ಹಳೇ ಪಾತ್ರೆಯನ್ನೇ ಇಟ್ಟುಕೊಂಡರು.

ಇದನ್ನೆಲ್ಲ ವಿಡಿಯೋ ಕಾಲ್‌ನಲ್ಲಿ ಜೋರಾಗಿ ವಿವರಿಸುತ್ತಿದ್ದೆ. ಅತ್ತೆ ನಡುವೆ ಬಂದು, "ಪಾವು ಅಕ್ಕಿಗೆ ಎರಡು ಪಾವು ನೀರು ಅಳಿಯಂದ್ರೇ. ಯಾವ ಪಾವಾದ್ರೂ ಅನ್ನ ಆಗ್ತೈತಿ" ಅಂದರು. ನಾನು ಮಿಲಿಲೀಟರ್ ಬಿಡಲಿಲ್ಲ. ಹೆಂಡತಿ ಮಾತ್ರ ನನ್ನ ಕಡೆ ನೋಡುತ್ತಲೇ ಇರಲಿಲ್ಲ, ನನ್ನ ಹೆಗಲಾಚೆ ನೋಡುತ್ತಿದ್ದಳು.

"ರೀ, ಆ ತುಳಸಿ ಕುಂಡದ ಪಕ್ಕ ಇರೋದೇನು?"

ತಿರುಗಿ ನೋಡಿದೆ. ಅರ್ಧ ನೀರು ತುಂಬಿಕೊಂಡು ಕೂತಿತ್ತು. ಬೆಳಿಗ್ಗೆ ನಾನೇ ಇಟ್ಟಿದ್ದು.