ಚಪ್ಪಲಿ ಎತ್ತಿಡು ಅಂದವಳು

ನಿನ್ನೆ ರಾತ್ರಿ ಮಗಳ ಜೊತೆ ಕೂತು 'ಸ್ಟಾರ್ ಟ್ರೆಕ್: ದ ನೆಕ್ಸ್ಟ್ ಜನರೇಶನ್' ಅನ್ನೋ ಇಂಗ್ಲಿಷ್ ಟಿವಿ ಸರಣಿಯ ಐದನೇ ಸೀಸನ್ನಿನ 25ನೇ ಕಂತು ನೋಡಿದೆ. 'ದಿ ಇನ್ನರ್ ಲೈಟ್'. ನನಗೆ ಎಷ್ಟನೇ ಸಲವೋ ಲೆಕ್ಕವಿಲ್ಲ, ಅವಳಿಗೆ ಮೊದಲನೇ ಸಲ. ಮುಗಿದಾಗ ಹನ್ನೊಂದೂವರೆ. ಬೆಳಿಗ್ಗೆ ಡೊಂಬಿವಲಿಯಿಂದ ಇಬ್ಬರೂ ಲೋಕಲ್ ಹಿಡಿಯಬೇಕು, ಆದರೂ ಒಂದು ಗಂಟೆಯವರೆಗೆ ಮಾತಾಡ್ತಾ ಕೂತಿದ್ವಿ. ಆ ಮಾತನ್ನೇ ಇಲ್ಲಿ ಬರೀತಿದ್ದೀನಿ. ಕಥೆ ಪೂರ್ತಿ ಹೇಳ್ತೀನಿ, ಹೇಳದೆ ಆಗೋದಿಲ್ಲ. ನೋಡದೇ ಇರುವವರು ಮೊದಲು ನೋಡಿ, ಆಮೇಲೆ ಇಲ್ಲಿಗೆ ಬನ್ನಿ.

ಎಂಟರ್‌ಪ್ರೈಸ್ ಅನ್ನೋ ಬಾಹ್ಯಾಕಾಶ ಹಡಗಿನ ಕ್ಯಾಪ್ಟನ್ ಪಿಕಾರ್ಡ್. ಎಲ್ಲಿಂದಲೋ ತೇಲಿಬಂದ ಒಂದು ಪುಟ್ಟ ಯಂತ್ರದ ಕಿರಣ ತಾಗಿ ನಿಂತಲ್ಲೇ ಕುಸಿದು ಬೀಳ್ತಾನೆ. ಕಣ್ಣು ಬಿಟ್ಟರೆ ಕಟಾನ್ ಅನ್ನೋ ಗ್ರಹ, ರೆಸ್ಸಿಕ್ ಅನ್ನೋ ಊರು. ಪಕ್ಕದಲ್ಲಿ ಒಬ್ಬ ಹೆಂಗಸು. ನಾನು ನಿನ್ನ ಹೆಂಡತಿ ಎಲೀನ್, ನೀನು ಕಾಮಿನ್, ಕಬ್ಬಿಣ ನೇಯೋನು, ಜ್ವರದಲ್ಲಿ ಏನೇನೋ ಬಡಬಡಿಸ್ತಿದ್ದೆ ಅಂತಾಳೆ. ಅವನು ಒಪ್ಪೋದಿಲ್ಲ. ಐದು ವರ್ಷ ಕಳೆದರೂ ನಕ್ಷತ್ರ ನೋಡ್ತಾ ತನ್ನ ಹಡಗನ್ನೇ ಹುಡುಕ್ತಿರ್ತಾನೆ. ಆಮೇಲೊಂದು ದಿನ, ಮನೆಗೆ ಇನ್ನೊಂದು ಕೋಣೆ ಕಟ್ಟೋಣ್ವಾ, ಮಗುವಿಗೆ, ಅಂತ ಹೆಂಡತಿಯನ್ನ ಕೇಳ್ತಾನೆ. ಅಲ್ಲಿಂದ ಅದು ಅವನ ಬದುಕೇ ಆಗಿಬಿಡುತ್ತೆ. ಮಗಳು ಹುಟ್ತಾಳೆ, ಮಗ ಹುಟ್ತಾನೆ, ಗೆಳೆಯ ಸಾಯ್ತಾನೆ. ವರ್ಷದಿಂದ ವರ್ಷಕ್ಕೆ ಬಿಸಿಲು ಹೆಚ್ಚಿ ಮಣ್ಣು ಸತ್ತುಹೋಗ್ತಾ ಬರುತ್ತೆ, ಸೂರ್ಯನೇ ಇನ್ನು ಬಹಳ ದಿನ ಉಳಿಯೋದಿಲ್ಲ ಅನ್ನೋದು ಅಪ್ಪ ಮಗಳಿಬ್ಬರಿಗೂ ಗೊತ್ತಾಗುತ್ತೆ. ಮೊಮ್ಮಗನನ್ನೂ ಆಡಿಸಿ ಹಣ್ಣು ಮುದುಕನಾದ ಮೇಲೆ, ಊರವರೆಲ್ಲ ಒಂದು ರಾಕೆಟ್ ಹಾರಿಸೋದನ್ನ ನೋಡೋಕೆ ಹೋಗ್ತಾನೆ. ಆ ರಾಕೆಟ್ ಹೊತ್ತುಕೊಂಡು ಹೋಗ್ತಿರೋದು ಅದೇ ಯಂತ್ರವನ್ನ, ಅದು ಹುಡುಕಿಕೊಂಡು ಹೋಗ್ತಿರೋದು ಅವನನ್ನೇ.

ಎಚ್ಚರವಾದಾಗ ಹಡಗಿನಲ್ಲಿ ಕಳೆದದ್ದು ಬರೀ 20-25 ನಿಮಿಷ. ಕಟಾನ್ ಸುಟ್ಟುಹೋಗಿ ಸಾವಿರ ವರ್ಷ. ಯಂತ್ರ ಬಿಚ್ಚಿದರೆ ಒಳಗೊಂದು ಪೆಟ್ಟಿಗೆ, ಅದರಲ್ಲಿ ಅವನು ಆ ಊರಲ್ಲಿ ನುಡಿಸ್ತಿದ್ದ ಕೊಳಲು. ಕ್ಯಾಪ್ಟನ್ ಒಬ್ಬನೇ ಕಿಟಕಿ ಹತ್ತಿರ ನಿಂತು ಅದನ್ನ ನುಡಿಸ್ತಾನೆ. ಅಷ್ಟಕ್ಕೆ ಮುಗಿಯುತ್ತೆ.

1992ರ ಜೂನ್‌ನಲ್ಲಿ ಮೊದಲು ಬಂದ ಕಂತು ಇದು, 1993ರಲ್ಲಿ ವೈಜ್ಞಾನಿಕ ಕಥೆಗಳಿಗೆ ಕೊಡೋ ಹ್ಯೂಗೊ ಪ್ರಶಸ್ತಿ ಪಡೆಯಿತು. ಪಿಕಾರ್ಡ್ ಪಾತ್ರದ ಪ್ಯಾಟ್ರಿಕ್ ಸ್ಟೀವರ್ಟ್ ನಟನೆ ಬಗ್ಗೆ ಬರೆಯೋರು ಬೇಕಾದಷ್ಟು ಜನ ಇದ್ದಾರೆ. ಮಗನ ಪಾತ್ರ ಮಾಡಿರೋದು ಅವರ ಸ್ವಂತ ಮಗ ಡೇನಿಯಲ್, ಅದನ್ನ ತಿಳಿದು ನೋಡಿದರೆ ಅಪ್ಪ ಮಗನ ಮಾತು ಬೇರೆಯೇ ಥರ ಕೇಳಿಸುತ್ತೆ ಅನ್ನೋದಷ್ಟೇ ನನ್ನ ಮಾತು.

ನಾನು ಹೇಳಬೇಕು ಅಂತ ಕೂತದ್ದು ಚಪ್ಪಲಿಯ ವಿಷಯ.

ಎಲೀನ್ ಗಂಡನಿಗೆ ಸದಾ ಹೇಳೋ ಮಾತು ಒಂದೇ: ನಿನ್ನ ಚಪ್ಪಲಿ ಎತ್ತಿಡು. ಅವನು ಬಿಚ್ಚಿದಲ್ಲೇ ಬಿಟ್ಟಿರ್ತಾನೆ, ಅವಳು ಹೇಳ್ತಾನೇ ಇರ್ತಾಳೆ. ಕೊನೆಗೆ ಹಾಸಿಗೆ ಹಿಡಿದು, ಇನ್ನೇನು ಉಸಿರು ನಿಲ್ಲಬೇಕು ಅನ್ನೋವಾಗಲೂ ಅವಳ ಬಾಯಲ್ಲಿ ಬರೋದು ಅದೇ ಮಾತು. ಮರೀಬೇಡ, ಚಪ್ಪಲಿ ಎತ್ತಿಡು. ನಿನ್ನೆ ಮಗಳು ಅಲ್ಲಿಯವರೆಗೆ ದಿಂಬು ತಬ್ಬಿಕೊಂಡು ಸುಮ್ಮನೆ ಕೂತಿದ್ದವಳು, ಆ ಮಾತು ಬಂದ ತಕ್ಷಣ ಪಾಜ್ ಒತ್ತಿ ನಿಲ್ಲಿಸಿದಳು. ಇಬ್ಬರೂ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ.

ನಾನು ಹುಟ್ಟಿ ಬೆಳೆದ ಚಾಳಿನಲ್ಲಿ ಸಾಲಾಗಿ ಹದಿನಾರು ಖೋಲಿ, ಎಲ್ಲರಿಗೂ ಒಂದೇ ಗ್ಯಾಲರಿ. ಅಪ್ಪ ರಾತ್ರಿ ಬಂದವರು ಚಪ್ಪಲಿಯನ್ನ ಬಾಗಿಲ ಹೊರಗೇ ಬಿಡೋರು. ಒಲೆ ಮುಂದಿದ್ದ ಅಮ್ಮ ತಿರುಗಿಯೂ ನೋಡದೆ, "ಹ್ವಾಯ್, ಚಪ್ಲಿ ಒಳ್ಗ್ ಇಡಿ, ಯಾರಾರೂ ತಕಂಡ್ ಹೋತ್ರ್" ಅನ್ನೋರು. ದಿನಾ. ಅಪ್ಪ ಅಮ್ಮನ ಮಾತುಕತೆ ಅಂತ ನನ್ನ ತಲೆಯಲ್ಲಿ ಉಳಿದಿರೋದರಲ್ಲಿ ಮುಕ್ಕಾಲು ಪಾಲು ಇಂಥದ್ದೇ. ಅಪ್ಪ ಹೋಗಿ ಆರು ವರ್ಷವಾಯಿತು. ಅವರನ್ನ ನೆನೆಸಿಕೊಂಡಾಗ ಮೊದಲು ಕಿವಿಗೆ ಬೀಳೋದು ಅಮ್ಮನ ಆ 'ಹ್ವಾಯ್'.

ಮಗಳು ಕೇಳಿದ ಪ್ರಶ್ನೆ ಚೆನ್ನಾಗಿತ್ತು. "ಪಪ್ಪಾ, ರಾಕೆಟ್ ಕಳಿಸುವಷ್ಟು ಬುದ್ಧಿ ಇದ್ದವರ ಹತ್ರ ಲೈಬ್ರರಿನೂ ಇದ್ದೇ ಇರುತ್ತಲ್ವಾ? ಅದನ್ನ ಯಾಕೆ ಕಳಿಸ್ಲಿಲ್ಲ?"

ನನಗೆ ಈ ಕಂತು ಇಷ್ಟು ದೊಡ್ಡದು ಅನ್ನಿಸೋದು ಅದೇ ಕಾರಣಕ್ಕೆ. ಇಡೀ ಗ್ರಹ ಸಾಯ್ತಿದೆ, ಕಳಿಸೋಕೆ ಆಗೋದು ಒಂದೇ ಒಂದು ಸಣ್ಣ ಯಂತ್ರ. ಅವರು ಅದರಲ್ಲಿ ತಮ್ಮ ರಾಜರನ್ನ ಇಡಲಿಲ್ಲ, ಯುದ್ಧಗಳನ್ನ ಇಡಲಿಲ್ಲ, ವಿಜ್ಞಾನವನ್ನೂ ಇಡಲಿಲ್ಲ. ಒಬ್ಬ ಸಾಧಾರಣ ಕಬ್ಬಿಣ ನೇಯೋನ ಸಂಸಾರ ಇಟ್ಟರು. ಮಗನಿಗೆ ಹೆಸರಿಡೋ ದಿನ, ಊರ ನಡುವೆ ಬರಗಾಲದಲ್ಲೂ ನೀರೆರೆದು ಉಳಿಸಿಕೊಂಡ ಒಂದು ಗಿಡ, ಚಪ್ಪಲಿಗೋಸ್ಕರ ಗೊಣಗೋ ಹೆಂಡತಿ. ಅದೂ ನೋಡೋಕಲ್ಲ, ಬದುಕೋಕೆ. ಬದುಕಿದವನು ಮಾತ್ರ ಮರೆಯೋದಿಲ್ಲ ಅನ್ನೋದು ಅವರಿಗೆ ಗೊತ್ತಿತ್ತು.

ನಾವೂ ಒಂದು ಸಲ ಕಳಿಸಿದ್ದೀವಲ್ಲ. 1977ರಲ್ಲಿ ಹೋದ ಎರಡು ವಾಯೇಜರ್ ನೌಕೆಗಳಲ್ಲಿ ಚಿನ್ನದ ಲೇಪದ ರೆಕಾರ್ಡ್ ಇದೆ. 55 ಭಾಷೆಗಳ ಶುಭಾಶಯ, ಅದರಲ್ಲಿ ಕನ್ನಡವೂ ಒಂದು. ಗೊತ್ತಿಲ್ಲದಿದ್ದರೆ ಇವತ್ತೇ ಹುಡುಕಿ ಕೇಳಿ, ಕನ್ನಡಿಗರ ಪರವಾಗಿ ಶುಭಾಶಯ ಹೇಳೋ ಒಂದು ದನಿ ಸೌರಮಂಡಲದ ಆಚೆ ಹೋಗ್ತಾ ಇದೆ. ಅದೇ ರೆಕಾರ್ಡಿನಲ್ಲಿ ಗೋವಾದ ಕೇರಿಯಲ್ಲಿ ಹುಟ್ಟಿ, ಇದೇ ಮುಂಬಯಿಯಲ್ಲಿ ಬಾಳಿದ ಕೇಸರ್‌ಬಾಯಿ ಕೇರ್ಕರ್ ಹಾಡಿದ ಭೈರವಿ ಇದೆ. 'ಜಾತ್ ಕಹಾಂ ಹೋ', ಎಲ್ಲಿಗೆ ಹೊರಟೆ ಅಂತ. ವಾಯೇಜರ್ 1 ಹಾರಿದ್ದು ಸೆಪ್ಟೆಂಬರ್ 5ಕ್ಕೆ, ಕೇಸರ್‌ಬಾಯಿ ತೀರಿಕೊಂಡದ್ದು ಸೆಪ್ಟೆಂಬರ್ 16ಕ್ಕೆ. ಮಧ್ಯೆ ಹನ್ನೊಂದೇ ದಿನ. ಹಾಡಿದವರು ಹೋದರು, ಹಾಡು ಇನ್ನೂ ಹೋಗ್ತಾನೇ ಇದೆ. ನಿನ್ನೆ ರಾತ್ರಿ ಅದನ್ನೂ ಹಾಕಿ ಕೇಳಿಸಿದೆ.

ಈ ಕಂತಿಗೂ ನಮ್ಮ ಊರಿಗೂ ಇನ್ನೊಂದು ನಂಟಿದೆ. ಇದರ ಹೆಸರು ಬಂದದ್ದು ಜಾರ್ಜ್ ಹ್ಯಾರಿಸನ್ ಬರೆದ ಅದೇ ಹೆಸರಿನ ಬೀಟಲ್ಸ್ ಹಾಡಿನಿಂದ. ಆ ಹಾಡಿನ ವಾದ್ಯಸಂಗೀತ ಧ್ವನಿಮುದ್ರಣವಾದದ್ದು 1968ರ ಜನವರಿಯಲ್ಲಿ, ಬೊಂಬಾಯಿಯ ಫೋರ್ಟಿನ ಸ್ಟುಡಿಯೋದಲ್ಲಿ, ನಮ್ಮವರೇ ನುಡಿಸಿದ ಬಾನ್ಸುರಿ, ಹಾರ್ಮೋನಿಯಂಗಳಲ್ಲಿ. ಹಾಡಿನ ಮಾತು ಚೀನಾದ ಹಳೆಯ ಗ್ರಂಥ ತಾವೊ ತೆ ಚಿಂಗ್‌ನಿಂದ ತಗೊಂಡದ್ದು: ಮನೆ ಬಾಗಿಲು ದಾಟದೆಯೂ ಲೋಕವನ್ನ ತಿಳಿಯಬಹುದು. ಪಿಕಾರ್ಡ್ ಹಡಗಿನ ನೆಲದಿಂದ ಅಲ್ಲಾಡದೆ ಒಂದು ಲೋಕ ನೋಡಿ ಬಂದನಲ್ಲ, ಅದಕ್ಕಿಂತ ಸರಿಯಾದ ಹೆಸರು ಸಿಗೋದಿಲ್ಲ. ಆ ಜನವರಿಯಲ್ಲಿ ಅಪ್ಪನೂ ಫೋರ್ಟಿನಲ್ಲೇ ಇದ್ದರು. ಹಗಲು ಹೋಟೆಲಿನಲ್ಲಿ ಕೆಲಸ, ಸಂಜೆ ಕನ್ನಡ ರಾತ್ರಿ ಶಾಲೆ. ಇದಕ್ಕೂ ಅದಕ್ಕೂ ಯಾವ ಸಂಬಂಧವೂ ಇಲ್ಲ ಅಂತ ಗೊತ್ತು. ಆದರೂ ಅವೆರಡನ್ನ ಒಟ್ಟಿಗೆ ಇಟ್ಟುಕೊಂಡರೆ ನನಗೆ ಯಾಕೋ ಸಮಾಧಾನ.

ಅಪ್ಪ ಕುಂದಾಪುರದ ಕಡೆಯಿಂದ 13ನೇ ವಯಸ್ಸಿಗೆ ಬಂದವರು. ಅವರು ದುಡಿದ ಸಂಘ ಸ್ಮರಣ ಸಂಚಿಕೆ ತಂದಾಗ ಒಂದು ಪಾಸ್‌ಪೋರ್ಟ್ ಫೋಟೊ, ಕೆಳಗೆ 'ಮಾಜಿ ಕೋಶಾಧಿಕಾರಿ' ಅಂತ ಹಾಕಿತ್ತು. ಹಿಂದಿನ ಮುಂದಿನ ಪುಟಗಳೂ ಹಾಗೇ, ಶಾಲು ಹೊದಿಸಿಕೊಂಡ ಫೋಟೊಗಳು. ನನಗೆ ಬಹಳ ನೋವಾಯಿತು, ಇವತ್ತಿಗೂ ಇದೆ. ಅಂಗಡಿ ಮುಚ್ಚಿದ ಮೇಲೆ ಟೇಬಲ್ ಜೋಡಿಸಿ ಮಲಗ್ತಿದ್ದದ್ದು ಎಲ್ಲಿ? ಬನ್ಸ್ ಕರಿದ ಎಣ್ಣೆಯ ವಾಸನೆ ಹತ್ತಿದ ನೋಟ್‌ಬುಕ್ ಎಲ್ಲಿ? ಅವರ ಜೊತೆ ರಾತ್ರಿ ಶಾಲೆಯಲ್ಲಿ ಕೂತ ನೂರಾರು ಹುಡುಗರ ಬದುಕು ಯಾವ ಪುಟದಲ್ಲಿದೆ? ಒಂದೇ ಕೈಯಲ್ಲಿ ನಾಲ್ಕು ಗ್ಲಾಸು ನೀರನ್ನ ಬೆರಳು ಒಳಗೆ ಅದ್ದದೆ ಹಿಡಿಯೋದನ್ನ ಅಪ್ಪ ಮೊಮ್ಮಗಳಿಗೆ ಕಲಿಸಿದ್ದರು. ಎರಡನೇ ಕ್ಲಾಸಿನಲ್ಲಿದ್ದಳು ಆಗ, ಅಜ್ಜ ಮೊದಲು ಖಾಲಿ ಗ್ಲಾಸಿನಲ್ಲಿ ಅಭ್ಯಾಸ ಮಾಡಿಸಿದರು. ಮನೆಗೆ ಯಾರಾದರೂ ಬಂದರೆ ಈಗಲೂ ಹಾಗೇ ತರ್ತಾಳೆ. ಸಂಚಿಕೆಯ ಆ ಪುಟಕ್ಕಿಂತ ಅಪ್ಪ ನನಗೆ ಅವಳ ಕೈಯಲ್ಲೇ ಹೆಚ್ಚು ಕಾಣ್ತಾರೆ.

ಈ ಕಂತನ್ನ ಒಪ್ಪದ ಗೆಳೆಯನೊಬ್ಬನಿದ್ದಾನೆ. ಕೇಳದೆ ಕೇಳಿಸದೆ ಒಬ್ಬನ ತಲೆಯೊಳಗೆ ನುಗ್ಗಿ ಇನ್ನೊಬ್ಬರ ಬದುಕು ಹೇರೋದು ಹಿಂಸೆ ಅಂತಾನೆ. ಆ ಮಾತನ್ನ ನಾನು ತಳ್ಳಿಹಾಕೋದಿಲ್ಲ. ಆ ಕಿರಣವನ್ನ ಕಡಿಯೋಕೆ ಹೋದಾಗ ಪಿಕಾರ್ಡ್ ಸಾಯೋ ಹಾಗಾಗ್ತಾನೆ, ಬದುಕಿ ಎದ್ದ ಮೇಲೂ ಹೆಂಡತಿ, ಮಕ್ಕಳು, ಮೊಮ್ಮಗನನ್ನ ಒಂದೇ ಕ್ಷಣದಲ್ಲಿ ಕಳೆದುಕೊಂಡ ಮನುಷ್ಯ ಅವನು. ನನ್ನ ಸಿಟ್ಟು ಸರಣಿಯವರ ಮೇಲೆ. ಮುಂದಿನ ಕಂತಿನಲ್ಲಿ ಹಡಗಿನ ಯಂತ್ರಮಾನವ ಅಧಿಕಾರಿ ಡೇಟಾನ ತಲೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಸಿಗುತ್ತೆ, ಎಲ್ಲರೂ ಅದರ ಹಿಂದೆ ಓಡ್ತಾರೆ, ಕ್ಯಾಪ್ಟನ್ನಿನ ಆ ದುಃಖ ಏನಾಯಿತು ಅಂತ ಒಬ್ಬರೂ ಕೇಳೋದಿಲ್ಲ. 1993ರ 'ಲೆಸನ್ಸ್' ಕಂತಿನಲ್ಲಿ ಕೊಳಲು ಮತ್ತೆ ಹೊರಗೆ ಬರುತ್ತೆ, ಆ ಬದುಕಿನ ಬಗ್ಗೆ ಅವನು ಒಬ್ಬಳ ಹತ್ತಿರ ಬಾಯಿ ಬಿಡ್ತಾನೆ. ಅದು ಒಳ್ಳೆಯ ಕಂತು. ಆದರೆ ಸಾಲದು. ಎರಡು ಬದುಕು ಹೊತ್ತವನು ಹಾಗೆ ವಾರದೊಳಗೆ ಕೆಲಸಕ್ಕೆ ಮರಳೋದಿಲ್ಲ. ಅಪ್ಪ 50 ವರ್ಷಕ್ಕೂ ಹೆಚ್ಚು ಇಲ್ಲಿದ್ದು, 'ಊರು' ಅಂದರೆ ಕುಂದಾಪುರವೇ ಅನ್ನೋರು. ಅಲ್ಲಿ ಹೋದರೆ ಅವರಿಗೆ 'ಬೊಂಬಾಯಿಯವರು' ಅಂತ ಹೆಸರು. ಎರಡೂ ನಿಜ, ಎರಡರಲ್ಲೂ ಸ್ವಲ್ಪ ಸ್ವಲ್ಪ ಇಲ್ಲದೇ ಇದ್ದರು. ಆ ಸಂಕಟವನ್ನ ಪಿಕಾರ್ಡ್‌ನ ಮುಖದಲ್ಲಿ ಇನ್ನೂ ನಾಲ್ಕು ಕಂತು ನೋಡೋ ಹಕ್ಕು ನಮಗಿತ್ತು.

ಇವತ್ತು ಬೆಳಿಗ್ಗೆ ಮಗಳು ಅಜ್ಜಿಗೆ ಚಹಾ ಕೊಡ್ತಾ ಇಡೀ ಕಥೆ ಹೇಳಿದಳಂತೆ, ತನಗೆ ಬರೋ ಕನ್ನಡದಲ್ಲಿ, ಬಾರದ ಕಡೆ ಮರಾಠಿ ಸೇರಿಸಿ. ಗ್ರಹ, ಯಂತ್ರ, ಸಾವಿರ ವರ್ಷ, ಯಾವುದಕ್ಕೂ ಅಮ್ಮ ಏನೂ ಅನ್ನಲಿಲ್ಲವಂತೆ. ಎಲೀನ್ ಸಾಯೋ ಜಾಗ ಬಂದಾಗ ಲೋಟ ಕೆಳಗಿಟ್ಟು, "ಅವ ಆಮೇಲೆ ಎತ್ತಿಟ್ನಾ?" ಅಂತ ಕೇಳಿದರಂತೆ.

ಮಗಳು ನನಗೆ ಆಫೀಸಿಗೆ ಫೋನ್ ಮಾಡಿ ಕೇಳಿದಳು. ಇಷ್ಟು ಸಲ ನೋಡಿದ್ದೀನಿ, ನಾನು ಅದನ್ನ ಗಮನಿಸಿಯೇ ಇಲ್ಲ. ಇವತ್ತು ರಾತ್ರಿ ಊಟ ಆದ ಮೇಲೆ ಮತ್ತೆ ಹಾಕ್ತಿದ್ದೀವಿ, ಮೂರೂ ಜನ.